ಇಪ್ಪತ್ತು, ನಲವತ್ತು, ಸೊನ್ನೆ

ಮೂವತ್ತೊಂಬತ್ತನೆಯ ವಯಸ್ಸಿಗೆ ನಿವೃತ್ತಿ ಎಂದರೆ ಯಾರೂ ನಂಬುವುದಿಲ್ಲ. ನಮ್ಮ ಹೋಟೆಲಿಗೆ ಬರುವ ಹಳೆಯ ಗಿರಾಕಿಗಳು ಈಗಲೂ "ಲೀವಾಮ್ಮಾ?" ಎಂದು ಕೇಳುತ್ತಾರೆ. ರಜೆಯಲ್ಲ. ಹದಿನಾರು ವರ್ಷ ಚಿಪ್‌ಗಳ ಟೈಮಿಂಗ್ ಪರೀಕ್ಷಿಸುವ ಕೆಲಸ ಮಾಡಿ, ಅಪ್ಪಯ್ಯನ ಮೊಣಕಾಲು ಸೋತ ಮೇಲೆ, ಅದನ್ನು ಪೂರ್ತಿ ಬಿಟ್ಟು ತ್ರಿಪ್ಲಿಕೇನಿನ ಈ ಹೋಟೆಲಿಗೆ ಬಂದು ಕುಳಿತಿದ್ದೇನೆ.

ಇದನ್ನು ಬರೆಯಲು ಕಾರಣ ಶ್ರೇಯಾ, ನನ್ನ ಅಣ್ಣನ ಮಗಳು. ಬರುವ ತಿಂಗಳು ಅವಳೂ ಅದೇ ಬಗೆಯ ಕೆಲಸಕ್ಕೆ ಸೇರುತ್ತಿದ್ದಾಳೆ. ಮೊನ್ನೆ ಕಾಫಿ ಲೋಟ ಹಿಡಿದು ಎದುರು ಕುಳಿತು, "ಅತ್ತೆ, ಅಂಗೆ ಡೈಲಿ ಎನ್ನ ಪಣ್ಣುವೀಂಗ? ಉಣ್ಮೈಯಾ ಸೊಲ್ಲುಂಗ" ಎಂದಳು. ಅಲ್ಲಿ ದಿನವೂ ಏನು ಮಾಡುತ್ತಿದ್ದಿರಿ, ನಿಜ ಹೇಳಿ ಎಂದು. ಕನ್ನಡ ಅವಳಿಗೆ ಕೇಳಿದರೆ ಗೊತ್ತಾಗುತ್ತದೆ, ಓದಲು ಬಾರದು. ಬರೆದು ನಾನೇ ಓದಿ ಹೇಳಬೇಕು. ಆದರೂ ಕನ್ನಡದಲ್ಲೇ ಬರೆಯುತ್ತಿದ್ದೇನೆ, ಏಕೆಂದರೆ ಕೆಲಸಕ್ಕೆ ಸೇರಿದ ದಿನದಿಂದ ಬಿಡದೆ ಬರೆದ ದಿನಚರಿ ಇರುವುದು ಕನ್ನಡದಲ್ಲಿ. ಬಡ್ತಿಗಳ ಮಾತನ್ನು ಇಲ್ಲಿ ಬಿಟ್ಟಿದ್ದೇನೆ. ಮೂರು ಸಿಕ್ಕವು, ಮೂರು ಸಲವೂ ಮೈಸೂರ್ ಪಾಕ್ ಹಂಚಿದೆ.

ಮೊದಲು ಕೆಲಸದ ಮಾತು. ಚಿಪ್ಪಿನೊಳಗೆ ಒಂದು ಗಡಿಯಾರ ಬಡಿಯುತ್ತಿರುತ್ತದೆ. ಒಂದು ಬಡಿತಕ್ಕೆ ಹೊರಟ ಸಂಕೇತ, ಗೇಟು ಎಂಬ ಹತ್ತಾರು ಪುಟ್ಟ ಸ್ವಿಚ್ಚುಗಳನ್ನು ದಾಟಿ, ಮುಂದಿನ ಬಡಿತದೊಳಗೆ ತನ್ನ ಮನೆ ಸೇರಬೇಕು. ತಡವಾದರೆ ತಪ್ಪು. ಇದು ಯಾರಿಗಾದರೂ ಅರ್ಥವಾಗುತ್ತದೆ. ಬೇಗ ಬಂದರೂ ತಪ್ಪು ಎಂಬುದು ಅರ್ಥವಾಗಲು ನನಗೆ ಒಂದು ವಾರ ಹಿಡಿಯಿತು. ಮೊದಲ ಪಂಕ್ತಿಯವರು ಎಲೆ ಬಿಟ್ಟು ಏಳುವ ಮುನ್ನವೇ ಎರಡನೆಯ ಪಂಕ್ತಿಯವರು ಬಂದು ಕುಳಿತ ಹಾಗೆ, ಹೊಸ ಸಂಕೇತ ಹಳೆಯದರ ಮೇಲೆ ಬೀಳುತ್ತದೆ. ತಡವಾಗುವ ಚಿಪ್ಪಿಗೆ ಮದ್ದುಂಟು. ಗಡಿಯಾರವನ್ನು ನಿಧಾನ ಮಾಡಿದರೆ ಬದುಕುತ್ತದೆ. ಬೇಗ ಬರುವುದಕ್ಕೆ ಮದ್ದಿಲ್ಲ. ಆ ಚಿಪ್ಪನ್ನು ಕಸದ ಬುಟ್ಟಿಗೆ ಹಾಕಬೇಕು.

ಇದನ್ನು ಮನೆಯಲ್ಲಿ ವಿವರಿಸಿದಾಗ ಅಪ್ಪಯ್ಯ ಕೇಳಿದ್ದರು, "ಗಡಿಯಾರ ಕಾಣ್ತಾ ಕೂಕಂಬುಕೆ ಸಂಬ್ಳ ಕೊಡ್ತ್ರಾ?"

ಕೊಡುತ್ತಿದ್ದರು. ಯಾಕೆಂದರೆ ಯಾವ ಗೇಟು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಎಂದು ಯಾರಿಗೂ ಖಚಿತವಾಗಿ ಗೊತ್ತಿಲ್ಲ. ಒಂದೇ ನಕ್ಷೆ, ಒಂದೇ ಕಾರ್ಖಾನೆ, ಆದರೂ ಎರಡು ಗೇಟು ಒಂದೇ ಸಮ ಹುಟ್ಟುವುದಿಲ್ಲ. ನಾನು ಸೇರಿದಾಗ ಎಲ್ಲರೂ ಕಾರ್ನರ್ ಪದ್ಧತಿ ಬಳಸುತ್ತಿದ್ದರು. ಎಲ್ಲ ಗೇಟುಗಳೂ ಅತಿ ನಿಧಾನ ಎಂದುಕೊಂಡು ಒಂದು ಲೆಕ್ಕ, ಎಲ್ಲವೂ ಅತಿ ವೇಗ ಎಂದುಕೊಂಡು ಇನ್ನೊಂದು. ಎರಡರಲ್ಲೂ ಪಾಸಾದರೆ ಕಾರ್ಖಾನೆಗೆ ಕಳಿಸಲು ಸಹಿ. ಇದು ಭದ್ರ. ಆದರೆ ಊರಿನ ಬಸ್ಸುಗಳೆಲ್ಲ ಒಂದೇ ದಿನ ಕೆಡುತ್ತವೆ ಎಂದು ನಂಬಿ ಮನೆಯಿಂದ ಮೂರು ಗಂಟೆ ಮೊದಲು ಹೊರಟಷ್ಟು ಭದ್ರ.

ನನ್ನ ಮೊದಲ ಮೇಲಧಿಕಾರಿ ಬಸವರಾಜ ಸರ್ ಇನ್ನೊಂದು ದಾರಿ ಹಿಡಿದಿದ್ದರು. ಗದಗಿನ ಕಡೆಯವರು, ಪೆರಂಬೂರಿನಲ್ಲಿ ವಾಸ. ದಿನವೂ 29C ಬಸ್ಸಿನಲ್ಲಿ ಅಡ್ಯಾರಿನ ನಮ್ಮ ಕಚೇರಿಗೆ ಬರುತ್ತಿದ್ದರು. ಅವರ ಪದ್ಧತಿಯಲ್ಲಿ ಕಂಪ್ಯೂಟರಿನೊಳಗೇ ಒಂದು ಸಾವಿರ ಚಿಪ್ ಹುಟ್ಟಿಸುತ್ತೇವೆ. ಪ್ರತಿ ಚಿಪ್ಪಿನ ಪ್ರತಿ ಗೇಟಿಗೂ ಚೀಟಿ ಎತ್ತಿದ ಹಾಗೆ ಒಂದೊಂದು ವೇಗ. ಆಮೇಲೆ ಸಾವಿರವನ್ನೂ ಓಡಿಸಿ, ಎಷ್ಟು ಸತ್ತವು, ಎಷ್ಟು ಬದುಕಿದವು ಎಂದು ನೋಡುವುದು.

ಗುಂಪಿನಲ್ಲಿ ಇದ್ದದ್ದು ಮೂವರು: ಸರ್, ನಾನು, ಮತ್ತು ಕಾರ್ತಿಕ್ ಎಂಬ ಮಧುರೈ ಹುಡುಗ. ನನಗಿಂತ ಒಂದು ವರ್ಷ ಚಿಕ್ಕವನು, ಪ್ರೋಗ್ರಾಂ ಬರೆಯುವುದರಲ್ಲಿ ನನಗಿಂತ ಹತ್ತು ವರ್ಷ ದೊಡ್ಡವನು. ಮೊದಲ ತಿಂಗಳು ಮೂವರೂ ಸೇರಿ ಚಿಪ್ಪಿನೊಳಗೆ ಭಾರಿ ತಡವಾಗುವ ಒಂದು ದಾರಿಯನ್ನು ಎರಡು ವಾರ ಬೆನ್ನಟ್ಟಿದೆವು. ಕೊನೆಗೆ ಆ ದಾರಿಯಲ್ಲಿ ಯಾವ ಸಂಕೇತವೂ ಎಂದೂ ಹೋಗುವುದಿಲ್ಲ ಎಂದು ತಿಳಿಯಿತು. ಸರ್ ನಕ್ಕು, "ರೋಡ ಛಲೋ ಐತಿ, ಊರ ಇಲ್ಲ" ಎಂದರು.

ಸರ್ ಅವರದು ಎರಡು ನಿಯಮ. ಒಂದು, ಇಂದು ಕೇಳಿದ ಪ್ರಶ್ನೆಯನ್ನು ನಾಳೆ ಕೇಳಿದರೂ ಅದೇ ಉತ್ತರ ಬರಬೇಕು. ಕಂಪ್ಯೂಟರ್ ಚೀಟಿ ಎತ್ತುವಾಗ ಸೀಡ್ ಎಂಬ ಒಂದು ಆರಂಭದ ಸಂಖ್ಯೆಯಿಂದ ಹೊರಡುತ್ತದೆ. ಆ ಸಂಖ್ಯೆ ಒಂದೇ ಆಗಿದ್ದರೆ ಚೀಟಿಗಳೂ ಅದೇ ಕ್ರಮದಲ್ಲಿ ಬರುತ್ತವೆ. ಹೀಗಾಗಿ ನಮ್ಮ ಗುಂಪಿನಲ್ಲಿ ಸೀಡ್ ಯಾವಾಗಲೂ 29, ಸರ್ ಬರುವ ಬಸ್ಸಿನ ನಂಬರು.

ಎರಡನೆಯ ನಿಯಮ ನನಗೆ ಬಹಳ ಇಷ್ಟವಾದದ್ದು. ಫಲಿತಾಂಶದ ಫೈಲು ತೆರೆಯುವ ಮುನ್ನ ಪ್ರತಿಯೊಬ್ಬರೂ ಬೋರ್ಡಿನ ಮೇಲೆ ತಮ್ಮ ಊಹೆ ಬರೆಯಬೇಕು: ಸಾವಿರದಲ್ಲಿ ಎಷ್ಟು ಸಾಯುತ್ತವೆ? ಉತ್ತರದಿಂದ ಅತಿ ದೂರ ಹೋದವರು ಎಲ್ಲರಿಗೂ ಬೋಂಡಾ ಕೊಡಿಸಬೇಕು. ನಾನು ಮೊದಲ ಸಲ ಊಹಿಸದೆ ಫೈಲು ತೆರೆಯಲು ಹೋದಾಗ ಸರ್ ಮೌಸಿನ ಮೇಲೆ ಕೈ ಇಟ್ಟರು.

"ಉತ್ತರ ನೋಡಿದ ಮ್ಯಾಲ ಎಲ್ಲಾರೂ ಶಾಣ್ಯಾರ ಆಗ್ತಾರ. ಮೊದಲ ಬರಿ."

"ತಪ್ಪಾದರೆ, ಸರ್?"

"ತಪ್ಪಾದರ ಛಲೋ. ಯಾಕ ತಪ್ಪಾತು ಅಂತ ಹುಡಕಲಿಕ್ಕೆ ಒಂದ ಕೆಲಸ ಸಿಗತೈತಿ."

ಹದಿನಾರು ವರ್ಷಗಳ ನನ್ನ ಊಹೆಗಳ ಲೆಕ್ಕ ಬರೆದಿಟ್ಟಿದ್ದೇನೆ. ಗೆದ್ದದ್ದು ಮೂರರಲ್ಲಿ ಒಂದೂ ಇಲ್ಲ. ಬೋಂಡಾ ಅಂಗಡಿಯವರು ನನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದರು.

ಈ ಬೋರ್ಡನ್ನು ಕಂಡರೆ ಆಗದವರು ವಸಂತಾ ಮೇಡಂ. ಯಾವ ಚಿಪ್ಪೂ ಅವರ ಸಹಿ ಇಲ್ಲದೆ ಕಾರ್ಖಾನೆಗೆ ಹೋಗುತ್ತಿರಲಿಲ್ಲ. ಇಪ್ಪತ್ತು ವರ್ಷ ಕಾರ್ನರ್ ಪದ್ಧತಿಯಲ್ಲಿ ಕೆಲಸ ಮಾಡಿ, ಒಂದು ಚಿಪ್ಪನ್ನೂ ಕೆಡಿಸದವರು. ತಮಿಳರು, ಅವರೊಡನೆ ನಡೆದ ಮಾತನ್ನೆಲ್ಲ ಕನ್ನಡದಲ್ಲಿಯೇ ಬರೆಯುತ್ತೇನೆ. ಬಾಗಿಲಲ್ಲಿ ನಿಂತು ಬೋರ್ಡು ನೋಡಿ, "ಇದೇನು ಬಸವರಾಜ್, ಕಚೇರಿಯಾ, ಲಾಟರಿ ಅಂಗಡಿಯಾ?" ಎನ್ನುತ್ತಿದ್ದರು.

"ಲಾಟರಿನ ಮೇಡಂ. ಟಿಕೆಟ್ ಅಷ್ಟ ನಾವು ಮಾರೂದಿಲ್ಲ."

ನನ್ನ ಮೂರನೆಯ ವರ್ಷ ಒಂದು ಶ್ರವಣ ಸಾಧನದ ಚಿಪ್ ಬಂತು, ಕಿವಿಯೊಳಗೆ ಕೂರುವಂಥದ್ದು. ಚಿಕ್ಕ ಬ್ಯಾಟರಿ, ಅತಿ ಕಡಿಮೆ ವೋಲ್ಟೇಜ್. ವೋಲ್ಟೇಜ್ ಇಳಿದಷ್ಟೂ ಗೇಟು ಗೇಟಿಗೆ ಇರುವ ವ್ಯತ್ಯಾಸ ಹೆಚ್ಚುತ್ತದೆ. ಕಾರ್ನರ್ ಪದ್ಧತಿಯಲ್ಲಿ ಅದು ಪಾಸಾಗುವ ಮಾತೇ ಇರಲಿಲ್ಲ. ವಿನ್ಯಾಸವನ್ನು ಮೊದಲಿಂದ ಮಾಡಬೇಕಿತ್ತು, ಗಿರಾಕಿ ಅಷ್ಟು ಕಾಯುವವರಲ್ಲ. ಆಗ ಸರ್, "ನಮ್ಮ ಪದ್ಧತಿಯಿಂದ ನೋಡೋಣು" ಎಂದರು. ಮೇಲಿನವರು ಒಪ್ಪಿದರು, ಒಂದು ಷರತ್ತಿನ ಮೇಲೆ. ಇದು ಸರಿಹೋದರೆ ಪದ್ಧತಿ ಉಳಿಯುತ್ತದೆ. ಇಲ್ಲದಿದ್ದರೆ ಗುಂಪನ್ನು ಮುಚ್ಚಿ ಮೂವರನ್ನೂ ಬೇರೆ ಕಡೆಗೆ. ಸರ್ ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ಅದುವರೆಗೆ ಅವರ ಲೆಕ್ಕವನ್ನು ನಂಬಿ ಒಂದು ಚಿಪ್ಪೂ ಕಾರ್ಖಾನೆಗೆ ಹೋಗಿರಲಿಲ್ಲ, ಹತ್ತು ವರ್ಷದಿಂದ ಈ ಒಂದು ಅವಕಾಶಕ್ಕೆ ಕಾದಿದ್ದರು.

ಅದುವರೆಗೆ ನಮ್ಮದು ಒಂದೇ ಕಂಪ್ಯೂಟರ್. ಈ ಚಿಪ್ಪಿಗಾಗಿ ಇಪ್ಪತ್ತು ಕೊಟ್ಟರು. ಸಾವಿರ ಚಿಪ್ಪುಗಳನ್ನು ಇಪ್ಪತ್ತಕ್ಕೆ ಹಂಚಿ, ಒಂದೊಂದಕ್ಕೆ ಐವತ್ತು ಕೊಡುವ ಪ್ರೋಗ್ರಾಮನ್ನು ಕಾರ್ತಿಕ್ ಎರಡೇ ದಿನದಲ್ಲಿ ಬರೆದ. ಮೊದಲು ಚಿಪ್ಪಿನ ನಾಲ್ಕು ಭಾಗಗಳನ್ನು ಬಿಡಿಬಿಡಿಯಾಗಿ ಓಡಿಸಿದೆವು. ಸತ್ತವು: ಇಪ್ಪತ್ತು, ನಲವತ್ತು, ಸೊನ್ನೆ, ಇಪ್ಪತ್ತು. ಎಲ್ಲವನ್ನೂ ಬೋರ್ಡಿನ ಮೂಲೆಯಲ್ಲಿ ಬರೆದೆ. ದೋಷಗಳನ್ನು ಸರಿಪಡಿಸಿ, ಕೊನೆಗೆ ಪೂರ್ತಿ ಚಿಪ್ಪನ್ನು ಓಡಿಸಿದ ದಿನ ಮೂವರೂ ಊಹೆ ಬರೆದೆವು. ಸರ್ ಎಂಟು, ನಾನು ಹನ್ನೆರಡು, ಕಾರ್ತಿಕ್ ಹದಿನೈದು.

ಫಲಿತಾಂಶ ಸೊನ್ನೆ.

ಕಾರ್ತಿಕ್ ಮೇಜು ಕುಟ್ಟಿದ. ಗುರುವಾರ ಗಿರಾಕಿಯ ಎದುರು ಸಭೆ. ಇದಕ್ಕಿಂತ ಒಳ್ಳೆಯ ಉತ್ತರ ಯಾರೂ ಕೇಳುವಂತಿರಲಿಲ್ಲ. ಕಾರ್ತಿಕ್ ಬೋಂಡಾ ಕೊಡಿಸಿದ. ಸರ್ ತಿನ್ನುತ್ತಾ ಬೋರ್ಡು ನೋಡುತ್ತಿದ್ದರು.

"ಮೂರೂ ಮಂದಿ ತಪ್ಪಿದಿವಿ. ಅದೂ ಒಂದ ಕಡೀಗೆ."

"ಹ್ಯಾಪಿಯಾ ಇರುಂಗ ಸರ್" ಎಂದ ಕಾರ್ತಿಕ್.

"ಹ್ಯಾಪಿನ ಇದೀನಪಾ. ಯಾಕ ಅಂತ ಕೇಳಾಕತ್ತೀನಿ ಅಷ್ಟ."

ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ಮರುದಿನ ಬೆಳಿಗ್ಗೆ ಕೆಲಸವಿರಲಿಲ್ಲ. ಸುಮ್ಮನೆ ಒಂದು ಕುತೂಹಲ ಹುಟ್ಟಿತು. ತಡವಾಗುವ ಭಯವಿರುವ ಚಿಪ್ಪಿಗೆ ಬೇಗ ಬರುವ ಭಯ ಕಡಿಮೆ ಇರುತ್ತದೆಯೇ? ನಾವು ನೋಡುತ್ತಿದ್ದದ್ದು ಯಾವಾಗಲೂ ಗುಡ್ಡದ ಆಕಾರದ ರೇಖೆ. ಎಷ್ಟು ಚಿಪ್ ಎಲ್ಲೆಲ್ಲಿ ಬಿದ್ದಿವೆ ಎಂದಷ್ಟೇ ಅದು ಹೇಳುತ್ತದೆ. ನಾನು ಪ್ರತಿ ಚಿಪ್ಪಿಗೆ ಒಂದು ಚುಕ್ಕಿ ಇಟ್ಟೆ. ಅಡ್ಡಕ್ಕೆ ತಡದ ಅಳತೆ, ಉದ್ದಕ್ಕೆ ಬೇಗದ ಅಳತೆ. ಸಾವಿರ ಚುಕ್ಕಿ ಎಂದರೆ ಬೆಲ್ಲಕ್ಕೆ ಮುತ್ತಿದ ಇರುವೆಗಳ ಹಾಗೆ ಕಾಣಬೇಕು. ತೆರೆಯ ಮೇಲೆ ಬಂದದ್ದು ನಮ್ಮ ಹೋಟೆಲ್ ಬಾಗಿಲಿನ ರಂಗೋಲಿಯಷ್ಟು ಚುಕ್ಕಿ.

ಕಾರ್ತಿಕನನ್ನು ಕರೆದೆ. "ಉಳಿದವು ಎಲ್ಲಿ ಹೋದವು?"

ಅವನು ಬಗ್ಗಿ ನೋಡಿದ. ಪ್ರೋಗ್ರಾಂ ಅರ್ಧಕ್ಕೆ ನಿಂತಿರಬೇಕು ಎಂದ. ನಿಂತಿರಲಿಲ್ಲ, ಫೈಲಿನಲ್ಲಿ ಸಾವಿರ ಸಾಲೂ ಇದ್ದವು. ಬೆರಳಿಟ್ಟು ಎಣಿಸತೊಡಗಿದೆ. ಐವತ್ತಕ್ಕೆ ಚುಕ್ಕಿ ಮುಗಿದವು. ಇಬ್ಬರೂ ಒಮ್ಮೆಗೇ ಬೋರ್ಡಿನ ಮೂಲೆ ನೋಡಿದೆವು. ಇಪ್ಪತ್ತು, ನಲವತ್ತು, ಸೊನ್ನೆ, ಇಪ್ಪತ್ತು.

ಕಾರ್ತಿಕ್ ನಿಧಾನವಾಗಿ ಹೇಳಿದ, "ರೌಂಡ್ ನಂಬರುಗಳೇ ಬರುತ್ತಿವೆ, ಒಳ್ಳೆಯದು ಅಂದುಕೊಂಡಿದ್ದೆ."

ಇಪ್ಪತ್ತು ಕಂಪ್ಯೂಟರೂ 29ರಿಂದ ಹೊರಟಿದ್ದವು. ಇಪ್ಪತ್ತೂ ಅದೇ ಐವತ್ತು ಚಿಪ್ಪುಗಳನ್ನು ಹುಟ್ಟಿಸಿದ್ದವು. ಒಂದು ಸತ್ತರೆ ಅದರ ಇಪ್ಪತ್ತು ಪ್ರತಿಗಳೂ ಸತ್ತು ಲೆಕ್ಕಕ್ಕೆ ಬರುತ್ತಿದ್ದವು. ನಾವು ನೋಡಿದ್ದು ಸಾವಿರವಲ್ಲ, ಐವತ್ತು. ಅಪರೂಪಕ್ಕೆ ಸಾಯುವ ಚಿಪ್ ಐವತ್ತರಲ್ಲಿ ಸಿಗದೇ ಹೋಗುವುದೇ ಹೆಚ್ಚು.

ಸರ್ ಬಂದಾಗ ಚುಕ್ಕಿಗಳ ಚಿತ್ರ ತೋರಿಸಿದೆ. ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು. ಕಾರ್ತಿಕ್, "ನನ್ನ ಪ್ರೋಗ್ರಾಂ ಸರ್, ನನ್ನ ತಪ್ಪು" ಎಂದ.

"ನಿಂದಲ್ಲಪಾ. ಒಂದ ಪ್ರಶ್ನಿಗೆ ಒಂದ ಉತ್ತರ ಬರಬೇಕು ಅಂತ ಹೇಳಿದಾಂವ ನಾನು. ಅದು ಇಪ್ಪತ್ತ ಸಲ ಅದ ಉತ್ತರ ಕೊಡ್ತು." ಆಮೇಲೆ ನನ್ನ ಕಡೆ ತಿರುಗಿ, "ಎಷ್ಟ ಛಂದ ತಪ್ಪೈತಿ ನೋಡು" ಎಂದರು. ನಿಜವಾದ ಬೆರಗಿನಿಂದಲೇ ಹೇಳಿದರು.

ಅಂದು ಮಂಗಳವಾರ. ಬೇರೆ ಬೇರೆ ಸೀಡ್ ಕೊಟ್ಟು ಮತ್ತೆ ಓಡಿಸಲು ನಾಲ್ಕು ದಿನ ಬೇಕು. ಸಭೆ ಗುರುವಾರ. ಹೇಳದೆ ಇದ್ದರೆ ಕೇಳುವವರು ಯಾರೂ ಇರಲಿಲ್ಲ. ಗುಡ್ಡದ ರೇಖೆ ನುಣುಪಾಗಿತ್ತು. ಹೇಳಿದರೆ ಗುಂಪು ಉಳಿಯುವುದಿಲ್ಲ. ನಾನು ಅದನ್ನೇ ಹೇಳಿದೆ. ಸರ್ ಚಿತ್ರವನ್ನು ಪ್ರಿಂಟ್ ತೆಗೆಸಿ, "ನೀನೂ ಬಾ" ಎಂದು ನೇರ ವಸಂತಾ ಮೇಡಂ ಕೋಣೆಗೆ ನಡೆದರು.

ಮೇಡಂ ಹಾಳೆ ನೋಡಿದರು. ವಿವರ ಕೇಳಿದರು. ಗೇಲಿ ಮಾಡಬಹುದು ಎಂದು ನಾನು ತಯಾರಾಗಿದ್ದೆ, ಅವರು ಮಾಡಲಿಲ್ಲ.

"ನಿಮ್ಮ ಊಹೆ ಎಷ್ಟಿತ್ತು, ಬಸವರಾಜ್?"

"ಎಂಟು."

"ಈಗ?"

"ಈಗೂ ಎಂಟ, ಮೇಡಂ."

ಸಭೆಯನ್ನು ಒಂದು ವಾರ ಮುಂದಕ್ಕೆ ಹಾಕಿದ್ದು ಮೇಡಂ. ಕಾರಣವನ್ನು ಗಿರಾಕಿಗೆ ಹೇಳಿದ್ದು ಸರ್, ಒಂದು ಮಾತೂ ಮುಚ್ಚದೆ. ಮರು ಓಟದಲ್ಲಿ ಒಂಬತ್ತು ಸತ್ತವು. ಒಂಬತ್ತೂ ಬೇಗ ಬರುವ ತಪ್ಪಿನಿಂದ, ಒಂಬತ್ತೂ ಅಕ್ಕಪಕ್ಕದ ಎರಡೇ ದಾರಿಗಳಲ್ಲಿ. ಅಂದರೆ ಗಡಿಯಾರ ನಿಧಾನ ಮಾಡಿದರೂ ಉಳಿಸಲಾಗದ ಚಿಪ್ಪುಗಳು. ಎಷ್ಟೋ ಜನರ ಕಿವಿಯಲ್ಲಿ ಕುಳಿತು ಸುಮ್ಮನಾಗುತ್ತಿದ್ದವು. ಆ ಎರಡು ದಾರಿಗಳಿಗೆ ನಾಲ್ಕು ನಿಧಾನದ ಗೇಟು ಸೇರಿಸಿದೆವು. ಚಿಪ್ಪಿನ ಉಳಿದ ಭಾಗವನ್ನು ಮುಟ್ಟಬೇಕಾಗಲಿಲ್ಲ. ಕಾರ್ನರ್ ಪದ್ಧತಿ ಇಡೀ ಚಿಪ್ಪನ್ನು ಕೆಡವಿ ಕಟ್ಟು ಎನ್ನುತ್ತಿತ್ತು. ಸರ್ ಪದ್ಧತಿ ಎಲ್ಲಿ ಮುಟ್ಟಬೇಕು ಎಂದು ಬೆರಳು ತೋರಿಸಿತು.

ಆದರೂ ಗುಂಪು ಮುಚ್ಚಿತು. ತಪ್ಪು ಒಮ್ಮೆ ಆದದ್ದು ಇನ್ನೊಮ್ಮೆ ಆಗುವುದಿಲ್ಲವೇ ಎಂದರು ಮೇಲಿನವರು. ಮೇಡಂ ಈ ಒಂದು ಚಿಪ್ಪಿಗೆ ಸಹಿ ಮಾಡಿದರು. "ಚಿಪ್ ಬಂದ ಮೇಲೆ ಅಳೆದು ನೋಡೋಣ. ಅಲ್ಲಿಯವರೆಗೆ ಎಲ್ಲರೂ ಕಾರ್ನರಿಗೆ" ಎಂದರು. ಕಾರ್ತಿಕನನ್ನೂ ನನ್ನನ್ನೂ ತಮ್ಮ ಗುಂಪಿಗೆ ತೆಗೆದುಕೊಂಡರು. ಸರ್ ಹೊಸಬರಿಗೆ ಪಾಠ ಹೇಳುತ್ತ ಉಳಿದ ತಿಂಗಳು ಕಳೆದು ನಿವೃತ್ತರಾದರು. ಮೇಡಂ ನಮ್ಮ ಬೋರ್ಡನ್ನು ಮಾತ್ರ ತಮ್ಮ ಕೋಣೆಗೆ ಸಾಗಿಸಿಕೊಂಡರು. ಅದರ ಮೇಲೆ ರಜೆಯ ಪಟ್ಟಿ ಅಂಟಿಸಿದರು.

ಕಾರ್ಖಾನೆಯಿಂದ ಚಿಪ್ ಬಂದಾಗ ಸರ್ ನಿವೃತ್ತರಾಗಿ ಎರಡು ತಿಂಗಳಾಗಿತ್ತು. ಇನ್ನೂರು ಚಿಪ್ ಅಳೆದರು. ಒಂದೂ ಸತ್ತಿರಲಿಲ್ಲ. ಅಷ್ಟೇ ಅಲ್ಲ, ವೇಗದ ಅಳತೆಯಲ್ಲಿ ಎಲ್ಲವೂ ಒಂದರ ಪಕ್ಕ ಒಂದು ಒತ್ತೊತ್ತಾಗಿ, ನಮ್ಮ ರೇಖೆ ಹೇಳಿದ್ದರ ಅರ್ಧ ಅಗಲದಲ್ಲಿ ನಿಂತಿದ್ದವು. ಕಚೇರಿಯಲ್ಲಿ ಸಂಭ್ರಮ. ನಾನು ವರಾಂಡಕ್ಕೆ ಹೋಗಿ ಪೆರಂಬೂರಿಗೆ ಫೋನ್ ಮಾಡಿದೆ.

"ಸರ್, ಚಿಪ್ ಬಂತು."

"ತಡಿ, ಹೇಳಬ್ಯಾಡ. ಪೆನ್ನು ತಗೋತೀನಿ." ಯಾರನ್ನೋ ಕನ್ನಡಕ ಕೇಳಿದ ಸದ್ದು. "ಹಾಂ. ಇನ್ನೂರಕ್ಕ ಒಂದು. ಅಗಲ ನಮ್ಮ ರೇಖಿಯಷ್ಟ. ಈಗ ಹೇಳು."

ಹೇಳಿದೆ. ಖುಷಿಯ ಮಾತು ಬರುತ್ತದೆ ಎಂದು ಕಾದೆ. ಅವರು ಬರೆದುಕೊಂಡರು, ಹಿಂದೆ ಕುಕ್ಕರ್ ಕೂಗಿತು.

"ಸುಜಾತಾ, ಮತ್ತ ಒಂದ ಕಡೀಗೆ ತಪ್ಪಿದಿವಲ್ಲ."

"ಒಳ್ಳೆಯ ಕಡೆಗೆ ಅಲ್ವಾ ಸರ್?"

"ಆ ಸೊನ್ನಿನೂ ಒಳ್ಳೆದ ಇತ್ತು. ಒಂದ ಕೇಳಿ ಬಾ. ಆ ಇನ್ನೂರೂ ಎಷ್ಟ ವೇಫರಿನವು?"

ವೇಫರ್ ಎಂದರೆ ಊಟದ ತಟ್ಟೆಯಗಲದ ಸಿಲಿಕಾನ್ ಬಿಲ್ಲೆ. ಒಂದೊಂದರ ಮೇಲೆ ಸಾವಿರಾರು ಚಿಪ್ ಒಟ್ಟಿಗೆ ಹುಟ್ಟುತ್ತವೆ, ಒಂದೇ ಒಲೆಯಲ್ಲಿ ಬೆಂದ ಹಾಗೆ, ಅದಕ್ಕೇ ಒಂದನ್ನೊಂದು ಹೋಲುತ್ತವೆ. ಮೇಡಂ ಬಳಿ ಹೋಗಿ ಕೇಳಿದೆ. ಅವರು ಅಳತೆಯ ವರದಿ ತಿರುವಿದರು. ಪುಟದ ನಡುವೆ ಬೆರಳು ನಿಂತಿತು.

"ಒಂದೇ ವೇಫರ್" ಎಂದರು.

ಕಂಪ್ಯೂಟರಿನಲ್ಲಿ ನಾವು ಮಾಡಿದ್ದನ್ನು ಇಲ್ಲಿ ಅಳೆಯುವವರು ಮಾಡಿದ್ದರು. ಕೈಗೆ ಹತ್ತಿರವಿದ್ದ ಬಿಲ್ಲೆಯಿಂದಲೇ ಇನ್ನೂರನ್ನೂ ಎತ್ತಿದ್ದರು. ಮೇಡಂ ಉಳಿದ ವೇಫರುಗಳಿಂದ ಒಂದು ಸಾವಿರ ಚಿಪ್ ಅಳೆಯಲು ಬರೆದರು. ಆಮೇಲೆ ತಲೆಯೆತ್ತದೆ ನನಗೆ ಹೇಳಿದರು, "ಫಲಿತಾಂಶ ಬರುವ ದಿನ ಅವರನ್ನು ಬರಹೇಳು."

ಸರ್ 29Cಯಲ್ಲಿಯೇ ಬಂದರು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ಮೇಡಂ ಕೋಣೆಯಲ್ಲಿ ನಾವು ನಾಲ್ವರು. ಫೈಲು ಬಂದಿತ್ತು, ಯಾರೂ ತೆರೆದಿರಲಿಲ್ಲ. ಮೇಡಂ ಎದ್ದು, ಬೋರ್ಡಿನ ಮೇಲಿನ ರಜೆಯ ಪಟ್ಟಿ ಕಿತ್ತು, ಮಾರ್ಕರನ್ನು ಸರ್ ಕೈಗೆ ಕೊಟ್ಟರು. ಸರ್ ನಾಲ್ಕು ಎಂದು ಬರೆದರು. ಕಾರ್ತಿಕ್ ಎರಡು. ನಾನು ಐದು. ಮಾರ್ಕರ್ ವಾಪಸು ಇಡಲು ಹೋದೆ. ಮೇಡಂ ಕೈ ಚಾಚಿದರು. ಕಾರ್ನರ್ ಲೆಕ್ಕವನ್ನು ನಂಬಿದವರು ನೂರಾದರೂ ಬರೆಯಬೇಕಿತ್ತು. ಅವರು ನಮ್ಮ ಮೂವರ ಕೆಳಗೆ ತಮ್ಮ ಹೆಸರು ಬರೆದು, ಅದರ ಮುಂದೆ ಸೊನ್ನೆ ಹಾಕಿದರು.

ಸರ್ ಬೋರ್ಡು ನೋಡಿ, "ಸೊನ್ನಿ ಬ್ಯಾಡ ಮೇಡಂ. ಸೊನ್ನಿ ಕಂಡರ ನನಗ ಹೆದರಿಕಿ" ಎಂದರು.

"ನಿಮ್ಮ ಲೆಕ್ಕವನ್ನು ಸಾಲು ಸಾಲು ನೋಡಿದವಳು ನಾನು. ನನ್ನ ಊಹೆ ನನ್ನಿಷ್ಟ. ತೆಗೀರಿ."

ಸತ್ತದ್ದು ಮೂರು. ಚಿಪ್ಪುಗಳ ಹರಹು ನಮ್ಮ ರೇಖೆಯ ಮೇಲೆ ಬಟ್ಟೆ ಹೊದಿಸಿದ ಹಾಗೆ ಕುಳಿತಿತ್ತು.

ಕಾರ್ತಿಕ್ ಬೋರ್ಡು ನೋಡಿ, ಅಳತೆ ಹಾಕಿ, ಹೇಳಲೋ ಬೇಡವೋ ಎಂದು ನಿಂತ. ಮೇಡಂ ಆಗಲೇ ಪರ್ಸ್ ಕೈಗೆ ತೆಗೆದುಕೊಂಡಿದ್ದರು. "ಗೊತ್ತು. ಅತಿ ದೂರ ಹೋದವಳು ನಾನೇ. ಆ ಬೋಂಡಾ ಅಂಗಡಿ ಎಲ್ಲಿ?" ಎಂದು ಅವನನ್ನು ಕೇಳಿ, ಸರ್ ಕಡೆ ತಿರುಗಿದರು. "ಮುಂದಿನ ಚಿಪ್ಪೂ ನಿಮ್ಮ ಪದ್ಧತಿಯಲ್ಲೇ. ಮೇಲಿನವರಿಗೆ ನಾನು ಹೇಳುತ್ತೇನೆ. ವಾರಕ್ಕೆ ಎರಡು ದಿನ ಬರುತ್ತೀರಾ, ಬಸವರಾಜ್?"

ಸರ್ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಕನ್ನಡಕ ಹಣೆಗೇರಿಸಿ ತೆರೆಗೆ ಮೂಗು ತಾಗುವಷ್ಟು ಬಗ್ಗಿದ್ದರು.

"ಮೇಡಂ, ಈ ಮೂರೂ ಬೇರೆ ಬೇರೆ ವೇಫರಿನವು. ಆದರ ಮೂರೂ ಬಿಲ್ಲಿಯ ಅಂಚಿನ್ಯಾಗ ಅದಾವ, ಒಂದ ಕಡೀಗೆ. ಯಾಕ ಇರಬಹುದು?"

ಮೇಡಂ ಪರ್ಸನ್ನು ಮೇಜಿನ ಮೇಲಿಟ್ಟರು. ಕುರ್ಚಿ ಎಳೆದುಕೊಂಡು ಅವರ ಪಕ್ಕ ಕುಳಿತರು.